ಬೋಣಿಯ ಕಿಟಕಿ

ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುವುದರಿಂದ ಬೀದಿಯವರೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಾರೆ. ಮೊದಮೊದಲು ಈ ಹೆಸರು ಅವಳಿಗೆ ಹಿಡಿಸಿರಲಿಲ್ಲ. ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಮುಂದೆ ನಡೆದುಬಿಡುತ್ತಾಳೆ.

ಅವಳದು ಕಣ್ಣಿನ ಕೆಲಸ. ಮಹಡಿಯ ಮೇಲೆ ಉದ್ದನೆಯ ಕೋಣೆ, ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಸಾಲಾಗಿ ಕೂತ ಯಾರ್ಯಾರದೋ ದವಡೆಯ ಅಚ್ಚುಗಳು. ಗುಲಾಬಿ ಬಣ್ಣದ ಮೇಣದಲ್ಲಿ ಒಂದೊಂದೇ ಹಲ್ಲು ನೆಡುತ್ತಾ, ಡಾಕ್ಟರು ಹೇಳಿ ಕಳಿಸಿದ ಬಣ್ಣಕ್ಕೆ ಮಾದರಿ ಹಲ್ಲನ್ನು ಬೆಳಕಿಗೆ ಹಿಡಿದು ಹೋಲಿಸುತ್ತಾ ಅವಳ ದಿನ ಕಳೆಯುತ್ತದೆ. ಬಿಳಿ ಎಂದರೆ ಒಂದೇ ಬಣ್ಣ ಎನ್ನುವವರ ಮೇಲೆ ಅವಳಿಗೆ ಕನಿಕರ. ಬಸ್ಸಿನಲ್ಲಿ ಎದುರು ಕೂತವರು ನಕ್ಕರೆ ಸಾಕು, ಇದು ನಮ್ಮ ಲ್ಯಾಬಿನದೋ ಬೇರೆಯವರದೋ ಎಂದು ಹೇಳಿಬಿಡುತ್ತಾಳೆ. ಗಂಡ ಮೊಣಕೈಯಿಂದ ತಿವಿದು ಸುಮ್ಮನಿರಿಸಬೇಕು.

ಚಿತ್ರ ತೆಗೆಯುವ ಹುಚ್ಚು ಹತ್ತಿಕೊಂಡದ್ದು ಕೆಲಸದ ಮೇಲೆ ಹೊರಗೆ ಹೋದಾಗಲೇ. ಒಮ್ಮೆ ಸೆಟ್ಟುಗಳ ಪೊಟ್ಟಣ ತಲುಪಿಸಲು ಬೇರೆ ಊರಿಗೆ ಹೋಗಿದ್ದಳು. ವಾಪಸು ಬರುವ ದಾರಿಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯೊಂದರ ಮುಂದೆ ಬಕೆಟ್ಟುಗಳನ್ನು ಒಂದರ ಮೇಲೊಂದು ಮಗುಚಿ ಗೋಪುರ ಕಟ್ಟಿದ್ದರು. ಕೆಳಗೆ ಕಡುನೀಲಿ, ಮೇಲೆ ಹೋಗುತ್ತಾ ತಿಳಿನೀಲಿ, ತುತ್ತತುದಿಗೆ ಒಂದು ಹಳದಿ ಚೊಂಬು. ಯಾರಿಗೋಸ್ಕರ ಆ ಚೊಂಬು ಅಲ್ಲಿ ಹತ್ತಿ ಕೂತಿತ್ತೋ ಗೊತ್ತಿಲ್ಲ, ಹಲ್ಲಕ್ಕ ನಿಂತಳು. ಫೋನು ತೆಗೆದಳು. ಬಸ್ಸು ಹೋಯಿತು.

ಅಂದಿನಿಂದ ಅವಳ ಕಣ್ಣು ಇಂಥವನ್ನೇ ಹುಡುಕತೊಡಗಿತು. ಕೀಲಿ ಮಾಡುವವನ ಗೋಡೆಯ ತುಂಬ ಮೀನಿನ ಹುರುಪೆಯಂತೆ ಜೋತ ಕೀಲಿಗಳು. ಕಾಲೊರೆಸುವ ಚಾಪೆಗಳನ್ನು ಸುರುಳಿ ಸುತ್ತಿ ಜೇನುಗೂಡಿನಂತೆ ಪೇರಿಸಿದ್ದು. ಚಾವಣಿಯಿಂದ ತಲೆಕೆಳಗಾಗಿ ನೇತುಬಿದ್ದ ಕುರ್ಚಿಗಳು. ಕನ್ನಡಕದ ಅಂಗಡಿಯಲ್ಲಿ ಮೂಗೇ ಇಲ್ಲದ ಮುಖಗಳ ಸಾಲು. ಸಮುದ್ರ ನೋಡಲು ಹೋದಾಗ ಅವಳು ತೆಗೆದದ್ದು ದಂಡೆಯ ಮೇಲಿನ ಗಾಳಿ ತುಂಬಿದ ಟ್ಯೂಬುಗಳ ರಾಶಿ. ಅದರ ಮೂಲೆಯಲ್ಲಿ ಬೆರಳಗಲ ಸಮುದ್ರ ಇತ್ತು. ಬೆಟ್ಟಕ್ಕೆ ಹೋದಾಗ ಬೆಟ್ಟ ಬರಲೇ ಇಲ್ಲ, ಉಣ್ಣೆ ಟೋಪಿಗಳು ಬಂದವು. ನಾದಿನಿಯ ಮಗಳ ಮದುವೆಯ ಫೋಟೋ ಕಳಿಸು ಎಂದು ನೆಂಟರು ಕೇಳಿದರೆ, ಛತ್ರದ ಹಿಂದೆ ಒಂದರೊಳಗೊಂದು ಸಿಕ್ಕಿಸಿಟ್ಟಿದ್ದ ಕೆಂಪು ಕುರ್ಚಿಗಳ ಚಿತ್ರ ಹೋಯಿತು. ಮದುಮಗಳು ಇನ್ನೂ ಅದನ್ನು ಮರೆತಿಲ್ಲ.

ಇದರ ಬಿಸಿ ಹೆಚ್ಚಾಗಿ ತಟ್ಟಿದ್ದು ಗಂಡನಿಗೆ. ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಮೇಲೆ ಕೆಳಗೆ ಹೋಗಿ ಸಾಕಾಗಿರುತ್ತದೆ, ರಜೆಯ ದಿನವಾದರೂ ನೆಲದ ಮೇಲೆ ನೆಟ್ಟಗೆ ನಡೆಯೋಣವೆಂದರೆ ಹೆಜ್ಜೆಗೊಂದು ಅಂಗಡಿ ಅಡ್ಡ ಬರುತ್ತದೆ ಎಂಬುದು ಅವನ ದೂರು. ಚೀಲ ಹಿಡಿದು ನಿಲ್ಲುವ ಕೆಲಸ ಅವನ ಪಾಲಿಗೆ ಬಂತು. ಚೌಕಟ್ಟಿನ ಆಚೆ ಎಲ್ಲಿ ನಿಂತರೆ ಬೈಗುಳ ತಪ್ಪುತ್ತದೆ ಎಂದು ಈಗ ಅವನಿಗೆ ಅಂದಾಜಾಗಿದೆ.

ಏಕೆಂದರೆ ಅವಳಿಗೆ ಎರಡು ಕಟ್ಟುಪಾಡುಗಳು. ಒಂದು, ಚಿತ್ರದಲ್ಲಿ ಮನುಷ್ಯರು ಬರಬಾರದು. ಜನ ಬಂದರೆ ನೋಡುವವರು ಜನರನ್ನೇ ನೋಡುತ್ತಾರೆ, ಪಾಪದ ಬಕೆಟ್ಟನ್ನು ಯಾರು ಕೇಳುತ್ತಾರೆ? ಎರಡು, ಜೋಡಿಸಿಟ್ಟದ್ದಕ್ಕೆ ಕೈ ಹಾಕಬಾರದು, ಜೋಡಿಸಿದವರಿಗೆ ಮಾತೂ ಹೇಳಬಾರದು. ಹಿಂದೊಮ್ಮೆ ಹಣ್ಣಿನವನೊಬ್ಬನನ್ನು ಮೊದಲೇ ಕೇಳಿದ್ದಕ್ಕೆ ಅವನು ಹಿಗ್ಗಿ, ಕಿತ್ತಳೆಯ ಗುಡ್ಡವನ್ನೆಲ್ಲ ಕೆಡವಿ, ಒರೆಸಿ, ಮೊದಲಿಗಿಂತ ಕೆಟ್ಟದಾಗಿ ಕಟ್ಟಿ, ತಾನೇ ಪಕ್ಕದಲ್ಲಿ ನಿಂತು ತಲೆ ಬಾಚಿಕೊಂಡಿದ್ದ. ಅಂದಿನಿಂದ ಮೊದಲು ತೆಗೆದು ಆಮೇಲೆ ಕೇಳುವುದು ರೂಢಿ. ಬೇಡವೆಂದರೆ ಅವರ ಎದುರೇ ಅಳಿಸುತ್ತಾಳೆ. ತೆರಿಗೆಯವಳೆಂದು ತಿಳಿದು ಷಟರ್ ಎಳೆದವರೂ ಇದ್ದಾರೆ.

ಇಂಥ ಪ್ರತಿಯೊಂದು ತಿರುಗಾಟವೂ ಶುರುವಾಗುವುದು ಒಂದೇ ಕಡೆಯಿಂದ. ಅವಳ ಬಸ್‌ಸ್ಟಾಪಿನ ಎದುರಿಗೆ ಒಂದು ಗುಂಡಿ ಅಂಗಡಿಯಿದೆ. ಅಂಗಿಯ ಗುಂಡಿ, ಹುಕ್ಕು, ಜಿಪ್ಪು, ದಾರ, ಲೇಸು ಮಾರುವ ಹಳೆಯ ಅಂಗಡಿ. ಬೀದಿಗೆ ಮುಖ ಮಾಡಿದ ಗಾಜಿನ ಕಿಟಕಿಯಲ್ಲಿ ಕಪ್ಪು ಮಖಮಲ್ಲು ಹೊದಿಸಿದ ಹಲಗೆ, ಅದರ ಮೇಲೆ ಸುತ್ತಿನ ಹೊರಗೆ ಸುತ್ತು ಬರುವಂತೆ ಅಂಟಿಸಿದ ಗುಂಡಿಗಳ ದೊಡ್ಡ ಚಕ್ರ. ಅಂಗಡಿಯವರಿಗೆ ದಿನದ ಮೊದಲ ವ್ಯಾಪಾರ ಬೋಣಿಯಾದರೆ, ಹಲ್ಲಕ್ಕನಿಗೆ ಈ ಚಕ್ರದ ಚಿತ್ರವೇ ಬೋಣಿ. ಬಸ್ಸು ಹತ್ತುವ ಮೊದಲು ಅದನ್ನು ತೆಗೆಯದಿದ್ದರೆ ಅವತ್ತು ಒಳ್ಳೆಯದೊಂದೂ ಕಣ್ಣಿಗೆ ಬೀಳುವುದಿಲ್ಲ ಎಂದು ಅವಳ ನಂಬಿಕೆ. ತೆಗೆದ ಮೇಲೆ ಅದನ್ನು ತಿರುಗಿ ನೋಡುತ್ತಿರಲಿಲ್ಲ. ಫೋನಿನಲ್ಲಿ ಒಂದು ತಿರುಗಾಟ ಮುಗಿದು ಇನ್ನೊಂದು ಶುರುವಾಯಿತು ಎನ್ನಲು ನಡುವೆ ನೆಟ್ಟ ಮೈಲಿಗಲ್ಲಿನ ಹಾಗೆ ಅದು ಇರುತ್ತಿತ್ತು, ಅಷ್ಟೆ.

“ಅದೇ ಕಿಟಕಿ, ಅದೇ ಗುಂಡಿ,” ಎಂದು ಗಂಡ ರೇಗಿಸುತ್ತಿದ್ದ. “ಒಂದು ತೆಗೆದಿಟ್ಕೊಂಡು ದಿನಾ ನಮಸ್ಕಾರ ಮಾಡಿದ್ರೆ ಸಾಲದಾ?”

ಅಂಗಡಿಯ ಯಜಮಾನರಿಗೆ ವಯಸ್ಸಾಗಿದೆ. ಅಂಗಡಿಯ ಹಿಂದೆಯೇ ಮನೆ. ಹಿಂಬಾಗಿಲಿನಿಂದ ಬಂದು ಗಲ್ಲಾಪೆಟ್ಟಿಗೆಯ ಹಿಂದೆ ಕೂತರೆ ಅವರಿಗೆ ಕಿಟಕಿಯ ಕಡೆ ಕಾಣುವುದು ಹಲಗೆಯ ಬೆನ್ನು ಮಾತ್ರ. ಮುಂದಿನ ಮೆಟ್ಟಿಲು ಕಡಿದಾಗಿರುವುದರಿಂದ, ಮಂಡಿ ಕೈಕೊಟ್ಟ ಮೇಲೆ ಅವರು ಬೀದಿಗೆ ಇಳಿದದ್ದೇ ಇಲ್ಲ. ಆದರೂ ಕಿಟಕಿಯ ಮಾತೆತ್ತಿದರೆ ಬೆನ್ನು ನೆಟ್ಟಗಾಗುತ್ತಿತ್ತು. ಅಂಗಡಿ ತೆರೆದ ವರ್ಷ ಸ್ವಂತ ಕೈಯಿಂದ ಅಂಟಿಸಿದ್ದು, ಅಂದಿನಿಂದ ಯಾರೂ ಅದನ್ನು ಮುಟ್ಟಿಲ್ಲ, ಮುಟ್ಟಲು ತಾನು ಬಿಟ್ಟೂ ಇಲ್ಲ ಎನ್ನುತ್ತಿದ್ದರು. ಬಸ್ಸಿಳಿದು ಬಂದವರು ಕಿಟಕಿಯನ್ನು ಹೊಗಳಿದರೆ ತಲೆಯಾಡಿಸಿ ಕೇಳಿಸಿಕೊಳ್ಳುತ್ತಿದ್ದರು, ಇನ್ನೂ ಸ್ವಲ್ಪ ಹೇಳಲಿ ಎನ್ನುವ ಹಾಗೆ.

ಊರಿಗೆಲ್ಲ ಗುಂಡಿ ಮಾರುವ ಈ ಯಜಮಾನರ ಕಂದು ಕೋಟಿಗೆ ಮಾತ್ರ ಗುಂಡಿಯೇ ಇರಲಿಲ್ಲ. ಎರಡು ಪಿನ್ನು ಚುಚ್ಚಿಕೊಂಡಿರುತ್ತಿದ್ದರು. ಮೊದಲು ಇದ್ದದ್ದು ಕೊಂಬಿನ ಗುಂಡಿಗಳಂತೆ, ಈಗ ಅಂಥವು ಬರುವುದಿಲ್ಲವಂತೆ, ಲಾಂಡ್ರಿಯವನು ಒಂದೊಂದಾಗಿ ಕದ್ದನಂತೆ. ಬೇರೆ ಗುಂಡಿ ಹಾಕಿಕೊಳ್ಳಲು ಅವರು ತಯಾರಿರಲಿಲ್ಲ. ಆ ಲಾಂಡ್ರಿಯವನು ಬೀದಿ ದಾಟುವಾಗಲೆಲ್ಲ ಅಂಗಡಿಯೊಳಗಿಂದ ಒಂದು ಕೆಮ್ಮು ಕೇಳಿಸುತ್ತಿತ್ತು.

ಅಂಗಡಿಯ ಓಡಾಟವೆಲ್ಲ ಸೊಸೆಯದು. ಮಗ ಸರಕು ತರಲು ಊರೂರು ತಿರುಗುತ್ತಾನೆ. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಯಾರಿಗೋ ಕಡುನೀಲಿ ದಾರದ ಬದಲು ಕಪ್ಪು ದಾರ ಕೊಟ್ಟಿದ್ದಳು. ಅವಳಿಗೆ ಬಣ್ಣದ ಕಣ್ಣಿಲ್ಲ ಎಂದು ಯಜಮಾನರು ಅಂದೇ ತೀರ್ಮಾನಿಸಿದರು. ಕಿಟಕಿಯಲ್ಲಿ ಬಿಸಿಲಿಗೆ ಬಣ್ಣ ಹೋಗಿದೆ, ಬದಲಾಯಿಸೋಣವೇ ಎಂದು ಅವಳು ಕೇಳಿದ್ದಕ್ಕೂ ಅದೇ ಉತ್ತರ ಸಿಕ್ಕಿತ್ತು. ಆಮೇಲೆ ಅವಳು ಕೇಳಲಿಲ್ಲ.

ಹೀಗಿರುವಾಗ ಪಕ್ಕದ ಅಂಗಡಿಗೆ ಬೋರ್ಡು ಏರಿಸಲು ಬಂದವರ ಏಣಿ ಜಾರಿ ಗಾಜಿನ ಮೇಲೆ ಬಿತ್ತು. ಹಲಗೆ ಮುಗ್ಗರಿಸಿ ನೆಲಕ್ಕೆ ಅಪ್ಪಳಿಸಿತು. ಗುಂಡಿ ಯಾವುದು, ಗಾಜಿನ ಚೂರು ಯಾವುದು ಎಂದು ಗೊತ್ತಾಗದಂತೆ ಎಲ್ಲವೂ ಅಂಗಡಿಯ ತುಂಬ ಹರಡಿದವು. ಸೊಸೆ ಕೂತು ಚೂರು ಬೇರೆ ಮಾಡಿ, ಗುಂಡಿಗಳನ್ನು ತೊಳೆದು ಎರಡು ಬಕೆಟ್ಟಿಗೆ ತುಂಬಿಟ್ಟಳು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಯಜಮಾನರು ಅಂದಿನಿಂದ ಸರಿಯಾಗಿ ಊಟ ಮಾಡಲಿಲ್ಲ.

ಹಲ್ಲಕ್ಕ ಬಸ್ಸಿಗೆ ನಿಂತಿದ್ದಾಗ ಅವರೇ ಒಳಗಿನಿಂದ ಕೂಗಿ ಕರೆದರು. ಅವರ ಬಾಯಲ್ಲಿರುವುದು ಅವಳೇ ಕೂರಿಸಿದ ಹಲ್ಲು, ಆ ಸಲಿಗೆ ಇಬ್ಬರಿಗೂ ಇತ್ತು. ಅವರ ಬೇಡಿಕೆ ಸರಳವಾಗಿತ್ತು. ಹೊಸ ಗಾಜು ಬರುತ್ತದೆ. ಚಕ್ರ ಮೊದಲು ಹೇಗಿತ್ತೋ ಹಾಗೇ ಆಗಬೇಕು, ಒಂದು ಗುಂಡಿಯೂ ಆಚೀಚೆ ಆಗಬಾರದು. ಇಷ್ಟು ವರ್ಷ ಚಿತ್ರ ತೆಗೆದಿದ್ದಾಳಲ್ಲ, ತಂದುಕೊಟ್ಟರೆ ಅದನ್ನು ನೋಡಿಕೊಂಡು ತಾವೇ ಹೇಳುತ್ತಾ ಹೋಗುತ್ತಾರೆ, ಸೊಸೆ ಅಂಟಿಸುತ್ತಾಳೆ. ಅವಳಿಗಂತೂ ಕಣ್ಣಿಲ್ಲ, ಕೈಯಾದರೂ ಇದೆಯಲ್ಲ.

ಬಕೆಟ್ಟಿನ ಪಕ್ಕ ನಿಂತಿದ್ದ ಸೊಸೆ ಗುಂಡಿಯೊಂದಕ್ಕೆ ಅಂಟಿದ್ದ ಗಾಜಿನ ಪುಡಿಯನ್ನು ಸೆರಗಿನಿಂದ ಒರೆಸಿದಳು.

“ಅಷ್ಟೇ ತಾನೆ ಯಜಮಾನ್ರೇ,” ಎಂದಳು ಹಲ್ಲಕ್ಕ.

ಆ ಸಂಜೆ ಮನೆಯಲ್ಲಿ ಗಂಡನನ್ನು ಪಕ್ಕಕ್ಕೆ ಕೂರಿಸಿಕೊಂಡು ಬೋಣಿಯ ಚಿತ್ರಗಳನ್ನೆಲ್ಲ ಹುಡುಕಿ ಒಂದು ಕಡೆ ಹಾಕಿದಳು. ನೋಡು, ನಗುತ್ತಿದ್ದೆಯಲ್ಲ, ಈಗ ಕೆಲಸಕ್ಕೆ ಬಂತಲ್ಲ ಎಂದು ಚುಚ್ಚಿದ್ದೂ ಆಯಿತು. ಯಾವುದು ಸ್ಪಷ್ಟವಾಗಿದೆ ಎಂದು ನೋಡಲು ಎಲ್ಲಕ್ಕಿಂತ ಹಳೆಯದನ್ನೂ ಎಲ್ಲಕ್ಕಿಂತ ಹೊಸದನ್ನೂ ಅಕ್ಕಪಕ್ಕ ಇಟ್ಟದ್ದು ಗಂಡ. ಇಟ್ಟವನು ಒಂದರಿಂದ ಇನ್ನೊಂದಕ್ಕೆ ಕಣ್ಣಾಡಿಸಿದ. ಆಮೇಲೆ, “ಇದು ಬೇರೆ ಅಂಗಡಿದಾ?” ಎಂದ.

ಹಳೆಯದರಲ್ಲಿ ಚಕ್ರವೇನೋ ಇತ್ತು. ಆದರೆ ಅದರಲ್ಲಿ ಗುಂಡಿಗಳನ್ನು ಬರೀ ಗಾತ್ರ ನೋಡಿ ಜೋಡಿಸಿದ್ದರು. ನಡುವೆ ದೊಡ್ಡವು, ಅಂಚಿಗೆ ಚಿಕ್ಕವು. ಹಸಿರಿನ ಪಕ್ಕ ಕೆಂಪು, ಕೆಂಪಿನ ಪಕ್ಕ ನೀಲಿ, ಅರ್ಧಕ್ಕರ್ಧ ಬಿಸಿಲಿಗೆ ಬೆಳ್ಳಗಾದವು. ಹೊಸದರಲ್ಲಿ ನಡುವಿನ ಬಿಳಿಯಿಂದ ಬಣ್ಣ ಸದ್ದಿಲ್ಲದೆ ಹೊರಟು ಕೆನೆಯಾಗಿ, ಜೇನಾಗಿ, ಇಟ್ಟಿಗೆಯಾಗಿ, ಅಂಚಿನಲ್ಲಿ ಮಖಮಲ್ಲಿನ ಕಪ್ಪಿನೊಳಗೆ ಕರಗಿಹೋಗಿತ್ತು. ನಡುವಿನ ಚಿತ್ರಗಳನ್ನು ಒಂದರ ಹಿಂದೊಂದು ಸರಿಸಿದರೆ ಒಂದು ಸಲ ನಾಲ್ಕು ಗುಂಡಿ, ಇನ್ನೊಂದು ಸಲ ಅರ್ಧ ಸುತ್ತು, ಹೀಗೆ ಯಾರೋ ಹಳೆಯ ಚಕ್ರವನ್ನು ಒಳಗಿಂದೊಳಗೇ ಬದಲಾಯಿಸುತ್ತಾ ಬಂದದ್ದು ಕಂಡಿತು.

ಯಾರೋ ಏನು ಬಂತು, ಅದು ಯಾರೆಂದು ಹಲ್ಲಕ್ಕನಿಗೆ ತಕ್ಷಣ ಗೊತ್ತಾಯಿತು. ಗೊತ್ತಾಗದೆ ಉಳಿದದ್ದು ಒಂದೇ. ಎದುರು ಕೂತವರ ಒಂದು ಹಲ್ಲು ಎಳ್ಳಷ್ಟು ಹಳದಿಯಿದ್ದರೂ ಹೇಳುವ ತಾನು, ಇಷ್ಟು ವರ್ಷ ಫೋನು ಹಿಡಿದು ನಿಂತು ಇದನ್ನು ಕಾಣಲಿಲ್ಲವೇ?

ಗಂಡನಿಗೆ ಜನ್ಮಕ್ಕೊಂದು ಅವಕಾಶ ಸಿಕ್ಕಿತ್ತು. “ಒಂದೇ ಕಿಟಕಿ ಅಂತ ನಾನು ಹೇಳಿದ್ದು ತಪ್ಪಾಯ್ತು ಮಾರಾಯ್ತಿ,” ಎಂದ. “ನೀನೂ ಹಾಗೇ ಅಂದ್ಕೊಂಡಿದ್ದೆ ಅಂತ ಗೊತ್ತಿರಲಿಲ್ಲ.” ಅವಳ ಮುಖ ನೋಡಿ, ಎದ್ದು ಹೋಗಿ ಟೀ ಮಾಡಿದ.

ಮರುದಿನ ಮಧ್ಯಾಹ್ನ, ಯಜಮಾನರು ಮಲಗುವ ಹೊತ್ತು ನೋಡಿಕೊಂಡು ಹಲ್ಲಕ್ಕ ಅಂಗಡಿಗೆ ಹೋದಳು. ಎರಡು ಚಿತ್ರಗಳನ್ನೂ ಸೊಸೆಯ ಮುಂದೆ ಹಿಡಿದಳು. ಸೊಸೆ ಹೊಸದನ್ನು ತುಂಬ ಹೊತ್ತು ನೋಡಿದಳು. ಅದನ್ನು ಹೀಗೆ ಸಾವಕಾಶವಾಗಿ ಇಡಿಯಾಗಿ ಅವಳೂ ನೋಡಿರಲಿಲ್ಲ. ಮಾವ ಮಲಗಿದಾಗ ಹಲಗೆಯನ್ನು ಸ್ವಲ್ಪ ಓರೆ ಮಾಡಿ, ಬಣ್ಣ ಹೋದದ್ದನ್ನು ಕಿತ್ತು ಅಲ್ಲಿಗೆ ಇನ್ನೊಂದನ್ನು ಅಂಟಿಸುವುದು, ಆಮೇಲೆ ಬೀದಿಗೆ ಓಡಿಹೋಗಿ ಒಂದು ಕ್ಷಣ ನೋಡಿ ಬರುವುದು. ಮೊದಲು ತೇಪೆ ಹಾಕುವುದಷ್ಟೇ ಮನಸ್ಸಿನಲ್ಲಿತ್ತಂತೆ. ಹಾಕುತ್ತಾ ಹಾಕುತ್ತಾ ಒಂದು ಬಣ್ಣ ಇನ್ನೊಂದನ್ನು ಕರೆಯಿತಂತೆ.

ಬೇಡಿಕೊಂಡದ್ದು ಮಾತ್ರ ಬೇರೆಯದನ್ನೇ. “ಹಲ್ಲಕ್ಕ, ಹಳೇದನ್ನೇ ಮಾವಂಗೆ ಕೊಡಿ,” ಎಂದಳು. “ಅದನ್ನೇ ನೋಡ್ಕೊಂಡು ಜೋಡಿಸ್ತೀನಿ. ಅವರಿಗೆ ಉಳಿದಿರೋದು ಅದೊಂದೇ ಹೆಮ್ಮೆ. ನಂದು ಹೋದ್ರೆ ಹೋಗ್ಲಿ.”

ಹಲ್ಲಕ್ಕ ಆ ಕ್ಷಣ ತನ್ನ ಕಟ್ಟುಪಾಡಿನ ಹಿಂದೆ ಅಡಗಿಕೊಂಡಳು. ಅಂಗಡಿ ಅವರದು, ಜೋಡಿಸುವವರು ಅವರು, ನಡುವೆ ಮಾತಾಡಲು ತಾನು ಯಾರು? ಸ್ಟುಡಿಯೋಗೆ ಹೋಗಿ ಹಳೆಯ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದಳು. ಆದರೆ ಮನೆಗೆ ಬರುವವರೆಗೂ ಆ ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಳ್ಳಲು ಅವಳಿಗೆ ಹಿತವೆನಿಸಲಿಲ್ಲ. ಆ ಜೇನುಬಣ್ಣದ ಸುತ್ತು ಇನ್ನು ಮುಂದೆ ತನ್ನ ಫೋನಿನಲ್ಲಿ ಬಿಟ್ಟು ಬೇರೆಲ್ಲೂ ಇರುವುದಿಲ್ಲ ಎಂಬುದು ಬಸ್ಸಿನಲ್ಲಿ ಹೊಳೆದು, ಇಳಿಯುವ ಸ್ಟಾಪು ದಾಟಿಹೋಯಿತು.

ಬೆಳಿಗ್ಗೆ ಯಜಮಾನರು ಕೋಟಿನ ಪಿನ್ನು ಸರಿಪಡಿಸಿಕೊಂಡು, ಭೂತಗನ್ನಡಿ ಒರೆಸಿಕೊಂಡು ಕಾಯುತ್ತಿದ್ದರು. ಹಲ್ಲಕ್ಕನ ಜೊತೆ ಗಂಡನೂ ಬಂದಿದ್ದ, ಹೊಸ ಗಾಜು ಕೂರಿಸಿದ್ದನ್ನು ನೋಡುವ ನೆಪದಲ್ಲಿ. ಸೊಸೆ ಬಕೆಟ್ಟುಗಳ ನಡುವೆ ನೆಲದ ಮೇಲೆ ಕೂತಿದ್ದಳು.

ಯಜಮಾನರು ಚಿತ್ರದ ಮೇಲೆ ಭೂತಗನ್ನಡಿಯನ್ನು ಇಂಚಿಂಚಾಗಿ ಓಡಿಸಿದರು. ಯೋಚನೆಗೆ ಬಿದ್ದಾಗ ಕೆಳಗಿನ ಸೆಟ್ಟನ್ನು ನಾಲಿಗೆಯಿಂದ ಎತ್ತಿ ಕಟಕ್ಕೆನ್ನಿಸುವುದು ಅವರ ಅಭ್ಯಾಸ. ಕಟಕ್ ಎಂದಿತು.

“ಇದು ಯಾವ ಅಂಗಡಿದಮ್ಮಾ?”

ನಿಮ್ಮದೇ ಎಂದಳು ಹಲ್ಲಕ್ಕ.

“ನಂದಾ? ಕಸ ಗುಡಿಸಿ ಗೋಡೆಗೆ ಬಳಿದ ಹಾಗಿದೆ ಇದು. ಜೋಡಿಸಿದವನಿಗೆ ಬಣ್ಣದ ಗಂಧಗಾಳಿ ಇಲ್ಲ. ನನಗೆ ಮಂಡಿ ಹೋಗಿದೆ, ತಲೆ ಹೋಗಿಲ್ಲ.” ಅವರು ಚಿತ್ರವನ್ನು ಮೇಜಿನ ಮೇಲೆ ಮಗುಚಿ ಹಾಕಿದರು. ಆಮೇಲೆ ಕಣ್ಣು ಮುಚ್ಚಿ ತಮ್ಮ ಕಿಟಕಿಯನ್ನು ತಾವೇ ವರ್ಣಿಸತೊಡಗಿದರು. ನಡುವೆ ಹಾಲಿನ ಬಿಳಿ. ಅದರ ಸುತ್ತ ಕೆನೆ. ಆಮೇಲೆ ಜೇನು, ಆಮೇಲೆ ಇಟ್ಟಿಗೆ, ಅಂಚಿಗೆ ಹೋಗುತ್ತಾ ಹೋಗುತ್ತಾ ಕತ್ತಲೆ. ದೀಪ ಹಚ್ಚಿಟ್ಟ ಹಾಗಿದೆ ಎಂದು ಬಸ್ಸಿಳಿದವರು ಬಂದು ಬಂದು ಹೇಳುವುದಿಲ್ಲವೇ? ಆ ಮೂಲೆಮನೆಯ ಟೀಚರು ಹೇಳಿದ್ದೂ ಇದನ್ನೇ ಅಲ್ಲವೇ?

ಹಲ್ಲಕ್ಕನಿಗೆ ಆಗ ಅರ್ಥವಾಯಿತು. ಯಜಮಾನರು ಹಲಗೆಯ ಬೆನ್ನು ನೋಡುತ್ತಾ ಕೂತಷ್ಟೂ ಕಾಲ ಕಿಟಕಿಯನ್ನು ಕಿವಿಯಿಂದ ನೋಡುತ್ತಿದ್ದರು. ಬಂದವರು ಹೊಗಳಿ ಹೊಗಳಿ ಅವರ ನೆನಪಿನ ಗುಂಡಿಗಳನ್ನೂ ಒಂದೊಂದಾಗಿ ಬದಲಾಯಿಸಿಬಿಟ್ಟಿದ್ದರು. ತಾವೇ ಅಂಟಿಸಿದ್ದೆಂದು ಅವರು ಎದೆಯಲ್ಲಿಟ್ಟುಕೊಂಡದ್ದು ಸೊಸೆಯ ಚಕ್ರವನ್ನು.

ಅವಳು ಫೋನು ತೆಗೆದು ಹೊಸ ಚಿತ್ರವನ್ನು ಭೂತಗನ್ನಡಿಯ ಕೆಳಗೆ ಹಿಡಿದಳು.

“ಹಾಂ,” ಎಂದರು ಯಜಮಾನರು. ಮುಖ ಅರಳಿತು. “ನೋಡಿ, ಇದು ನಂದು.” ತುಸು ಹೊತ್ತಿನ ಮೇಲೆ ಮಗುಚಿ ಹಾಕಿದ ಪ್ರಿಂಟನ್ನು ಬೆರಳಿನಿಂದ ತಟ್ಟಿದರು. “ಹಾಗಾದ್ರೆ ಇದು ಯಾರದು?”

ಸೊಸೆ ತಲೆಯೆತ್ತಿ ಹಲ್ಲಕ್ಕನನ್ನು ನೋಡಿದಳು. ಬೇಡ ಎನ್ನುವ ನೋಟ ಅದು. ಗಂಡ ಗಾಜಿನ ಅಂಚನ್ನು ಅಗತ್ಯಕ್ಕಿಂತ ಹೆಚ್ಚು ಗಮನವಿಟ್ಟು ಪರೀಕ್ಷಿಸುತ್ತಿದ್ದ. ಏನೋ ಒಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಬೇರೆ ಊರಿನ ಅಂಗಡಿಯ ಚಿತ್ರ ಸೇರಿಹೋಯಿತು ಎಂದರೆ ಸಾಕಿತ್ತು. ಕಿಟಕಿ ಉಳಿಯುತ್ತಿತ್ತು, ಹೆಮ್ಮೆ ಉಳಿಯುತ್ತಿತ್ತು. ಆದರೆ ಕಣ್ಣಿಲ್ಲದವಳೆಂಬ ಹೆಸರೂ ಉಳಿಯುತ್ತಿತ್ತು. ಹೆಸರಿಗಷ್ಟೇ ನೋಡುತ್ತಾ ನಿಂತು ಏನನ್ನೂ ಕಾಣದೆ ಹೋದವಳು ತಾನು. ಈಗ ಕಂಡದ್ದನ್ನಾದರೂ ಹೇಳಬೇಡವೇ?

“ಅದು ನಿಮ್ಮದು ಯಜಮಾನ್ರೇ,” ಎಂದಳು. “ಇದು ನಿಮ್ಮ ಸೊಸೇದು.”

ಎದುರಿಗೆ ಬಸ್ಸೊಂದು ಬಂದು ನಿಂತು, ಜನರನ್ನು ಇಳಿಸಿ ಹೋಯಿತು. ಯಜಮಾನರು ಪ್ರಿಂಟನ್ನು ತಿರುಗಿಸಿ ನೋಡಿದರು, ಫೋನನ್ನು ನೋಡಿದರು, ಮತ್ತೆ ಪ್ರಿಂಟನ್ನು ನೋಡಿದರು. ಕಟಕ್, ಕಟಕ್. ಕೊನೆಗೆ ಅವರು ಸೊಸೆಯನ್ನು ಕೇಳಿದ್ದು ವ್ಯಾಪಾರದ ಪ್ರಶ್ನೆಯನ್ನು.

“ಈ ಜೇನಿನ ಸುತ್ತಿಗೆ ಕೊಂಬಿನ ಗುಂಡಿ ಎಲ್ಲಿ ಸಿಕ್ತು ನಿಂಗೆ? ಅದು ಬರೋದು ನಿಂತು ಎಷ್ಟೋ ಕಾಲ ಆಯ್ತಲ್ಲ.”

ಸೊಸೆ ಬಕೆಟ್ಟಿನೊಳಗೆ ಕೈ ಆಡಿಸಿದಳು. ಉತ್ತರ ಅದರ ತಳದಲ್ಲಿದೆ ಎನ್ನುವ ಹಾಗೆ.

“ನಿಮ್ಮ ಕೋಟಿಂದು ಮಾವ,” ಎಂದಳು. “ಮೂರು ಕಮ್ಮಿ ಬಿದ್ದಿತ್ತು.”

ಯಜಮಾನರು ಕೆಳಗೆ ನೋಡಿಕೊಂಡರು. ಎದೆಯ ಮೇಲೆ ಎರಡು ಪಿನ್ನುಗಳು ಮಿಂಚುತ್ತಿದ್ದವು. ಅವರ ಭುಜ ಕುಲುಕತೊಡಗಿದ್ದು ಕಂಡು ಹಲ್ಲಕ್ಕನಿಗೆ ಗಾಬರಿಯಾಯಿತು, ಆಮೇಲೆ ಕೂರಿಸಿದ ಹಲ್ಲುಗಳೆಲ್ಲ ಕಾಣುವಂತೆ ಅವರು ನಗುತ್ತಿದ್ದಾರೆ ಎಂದು ತಿಳಿಯಿತು. ಪಾಪ ಆ ಲಾಂಡ್ರಿಯವನು, ಎಂದರು. ಮತ್ತೆ ನಕ್ಕರು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಪ್ರಿಂಟನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡರು.

“ನೀನೇ ಜೋಡಿಸಮ್ಮಾ,” ಎಂದರು ಸೊಸೆಗೆ. “ನಾನು ಹೊರಗೆ ಕೂತು ನೋಡ್ತೀನಿ. ಇದನ್ನ ಹೊರಗಿಂದ ನೋಡೇ ಇಲ್ಲ ನಾನು.”

ಕುರ್ಚಿಯ ಸಮೇತ ಅವರನ್ನು ಮೆಟ್ಟಿಲು ಇಳಿಸುವ ಕೆಲಸ ಲಿಫ್ಟಿನವನಿಗೆ ಬಿತ್ತು. ಊರಿನ ಲಿಫ್ಟುಗಳೆಲ್ಲ ತನ್ನ ಮಾತು ಕೇಳುತ್ತವೆ, ಯಜಮಾನರು ಮಾತ್ರ ಪ್ರತಿ ಮೆಟ್ಟಿಲಿಗೂ ತಾವೇ ಆಜ್ಞೆ ಕೊಡುತ್ತಾರೆ ಎಂದು ಅವನು ಆಮೇಲೆ ಬಹಳ ದಿನ ಹೇಳಿಕೊಂಡು ತಿರುಗಿದ. ಗಾಜಿನ ಎದುರು ಕುರ್ಚಿ ಹಾಕಿಸಿಕೊಂಡ ಯಜಮಾನರು ಕೈ ಬೀಸಿ ಎಡಕ್ಕೆ, ಬಲಕ್ಕೆ, ಇನ್ನೂ ಮೇಲಕ್ಕೆ ಎಂದು ಕೂಗಿದರು. ಹೊಸ ಗಾಜು ದಪ್ಪಗಿತ್ತು, ಒಳಗೆ ಏನೂ ಕೇಳಿಸುತ್ತಿರಲಿಲ್ಲ. ಸೊಸೆ ಆಗಾಗ ತಲೆಯಾಡಿಸಿ ತನಗೆ ಸರಿ ಕಂಡಲ್ಲಿ ಅಂಟಿಸುತ್ತಾ ಹೋದಳು. ಯಜಮಾನರಿಗೂ ಅದು ಗೊತ್ತಿರಬೇಕು, ಸ್ವಲ್ಪ ಹೊತ್ತಿಗೆ ಕೂಗುವುದನ್ನು ಬಿಟ್ಟು ಬರೀ ನೋಡಿದರು. ಎದ್ದು ಒಳಗೆ ಹೋಗೋಣವೇ ಎಂದು ಯಾರು ಕೇಳಿದರೂ ಇನ್ನೊಂದು ಸುತ್ತು ಆಗಲಿ ಎನ್ನುತ್ತಿದ್ದರು.

ಮುಂದಿನ ರಜೆಗೆ ಹಲ್ಲಕ್ಕ, ಗಂಡ ಇಬ್ಬರೂ ಚೀಲ ಹಿಡಿದು ಬಸ್ಸಿಗೆ ಬಂದಾಗ ಚಕ್ರ ಪೂರ್ತಿಯಾಗಿತ್ತು. ಯಜಮಾನರ ಕುರ್ಚಿಯೂ ಅಲ್ಲೇ ಇತ್ತು, ಅದರಲ್ಲಿ ಯಜಮಾನರೂ ಇದ್ದರು. ಅವರು ಪಕ್ಕಕ್ಕೆ ಸರಿಯಲಿ ಎಂದು ಅವಳು ಕಾದಳು. ಅವರು ಸರಿಯುವ ಸೂಚನೆ ಕಾಣಲಿಲ್ಲ. ಅಷ್ಟರಲ್ಲಿ ಬಸ್ಸು ತಿರುವಿನಲ್ಲಿ ಕಾಣಿಸಿತು, ಅವಳು ಫೋನೆತ್ತಿ ಹಾಗೇ ತೆಗೆದಳು. ಚಿತ್ರದ ಕೆಳಗೆ ನರೆತ ತಲೆಯ ಹಿಂಭಾಗ ಬಂದಿತ್ತು, ಪಿನ್ನು ಹಾಕಿದ ಕೋಟಿನ ಭುಜವೂ ಬಂದಿತ್ತು. ಅವಳು ಅಳಿಸಲಿಲ್ಲ. ಬಸ್ಸಿನಲ್ಲಿ ಕೂತು ಬೋಣಿಯ ಚಿತ್ರವನ್ನು ಮೊದಲ ಬಾರಿಗೆ ಅಗಲ ಮಾಡಿ, ಒಂದೊಂದೇ ಸುತ್ತು ನೋಡುತ್ತಾ ಹೋದಳು.

ಬಸ್ಸಿನಿಂದ ಇಳಿದ ಹೆಂಗಸೊಬ್ಬಳು ಆಗಲೇ ಕಿಟಕಿಯ ಮುಂದೆ ನಿಂತು, ಎಷ್ಟು ಚೆನ್ನಾಗಿದೆ, ನೀವು ಮಾಡಿದ್ದಾ ಎಂದು ಯಜಮಾನರನ್ನು ಕೇಳುತ್ತಿದ್ದಳು. ಬಸ್ಸು ಹೊರಡುವ ಮುನ್ನ ಅವರ ಉತ್ತರ ತೆರೆದ ಕಿಟಕಿಯಿಂದ ಹಲ್ಲಕ್ಕನಿಗೂ ಕೇಳಿಸಿತು.

“ನಮ್ಮ ಸೊಸೆ ಮಾಡಿದ್ದು. ಆ ಜೇನಿನ ಸುತ್ತು ಇದೆಯಲ್ಲ, ಅದರಲ್ಲಿ ಮೂರು ನಂದು.”